ಹುಟ್ಟುಗುಣ ಅರ್ಧ, ಒಡನಾಟ ಅರ್ಧ

ಕೇಳುಗರಿಗೆ ನಮಸ್ಕಾರ.

1935ರಲ್ಲಿ ಮೈಸೂರಿನ ತಮ್ಮ ಮನೆಯಲ್ಲೇ ಬಾನುಲಿ ಶುರು ಮಾಡಿದ ಎಂ.ವಿ. ಗೋಪಾಲಸ್ವಾಮಿಯವರು ಮನಶ್ಶಾಸ್ತ್ರದ ಪ್ರೊಫೆಸರು. ಹಾಗಾಗಿ ಮನಸ್ಸಿನ ವಿಷಯ ಮಾತಾಡೋಕೆ ಇದು ಸರಿಯಾದ ಊರೇ.

ಹುಟ್ಟುಗುಣ ಸುಟ್ಟರೂ ಹೋಗದು ಅನ್ನುತ್ತಾರೆ. ಅರ್ಧ ನಿಜ. ಒಂದೇ ತಾಯಿಯ ಮಕ್ಕಳಲ್ಲಿ ಒಂದು ತೊಟ್ಟಿಲಲ್ಲೇ ಹಟಮಾರಿ, ಇನ್ನೊಂದು ಸಾಧು. ಉಳಿದರ್ಧ ಸುತ್ತಲಿನ ಜನರ ಕೈಯಲ್ಲಿದೆ.

ಮಂಡ್ಯ ಕಡೆಯ ಐದು ವರ್ಷದ ಹುಡುಗನನ್ನು ನೋಡಿ. ಗೆಳೆಯನಿಗೆ ‘ಬಾರ್ಲಾ’ ಅನ್ನುತ್ತಾನೆ. ಮೇಷ್ಟ್ರು ಎದುರಾದರೆ ಕೈಲಿದ್ದ ಕಬ್ಬಿನ ತುಂಡು ಬೆನ್ನ ಹಿಂದೆ ಹೋಗುತ್ತದೆ, ‘ನಮಸ್ಕಾರ ಸಾ’ ಬರುತ್ತದೆ. ಯಾರೂ ಕೂರಿಸಿಕೊಂಡು ಹೇಳಿಕೊಟ್ಟಿಲ್ಲ. ನೋಡಿ, ಬೈಸಿಕೊಂಡು ಕಲಿತದ್ದು. ಸಮಾಜಶಾಸ್ತ್ರದವರು ಇದನ್ನೇ ಸಾಮಾಜೀಕರಣ ಅನ್ನುತ್ತಾರೆ.

ಒಡನಾಟವೇ ಸಿಗದಿದ್ದರೆ? 1970ರಲ್ಲಿ ಅಮೆರಿಕದ ಲಾಸ್ ಏಂಜಲೀಸ್ ಕಡೆ 13 ವರ್ಷದ ಹುಡುಗಿಯೊಬ್ಬಳು ಪತ್ತೆಯಾದಳು. ತಂದೆಯೇ ಕೋಣೆಯಲ್ಲಿ ಕೂಡಿಹಾಕಿದ್ದ. ಮಾತು ಬರುತ್ತಿರಲಿಲ್ಲ, ನಡಿಗೆಯೂ ಸರಿಯಿರಲಿಲ್ಲ. ಆಮೇಲೆ ಪದಗಳನ್ನು ಕಲಿತಳು. ವಾಕ್ಯ ಕಟ್ಟುವುದು ಮಾತ್ರ ಸರಿಯಾಗಿ ಕೂಡಿಬರಲಿಲ್ಲ.

ನಮ್ಮ ಮಾನಸಗಂಗೋತ್ರಿಯ ವಾಕ್ ಶ್ರವಣ ಸಂಸ್ಥೆಯಲ್ಲಿ ಕಿವಿ ಕೇಳದ ಪುಟ್ಟ ಮಕ್ಕಳ ಜೊತೆ ತಾಯಂದಿರಿಗೂ ತರಬೇತಿ ಇದೆ. ದಿನವೆಲ್ಲ ಮಗುವಿನ ಜೊತೆ ಇರುವವಳು ಅವಳೇ ಅಲ್ವಾ?

ಚಾರ್ಲ್ಸ್ ಕೂಲಿ ಎಂಬ ಅಮೆರಿಕದ ಸಮಾಜಶಾಸ್ತ್ರಜ್ಞ 1902ರಲ್ಲೇ ಒಂದು ಮಾತು ಹೇಳಿದ್ದ. ನಾವು ಎಂಥವರು ಅಂತ ನಮಗೆ ತಿಳಿಯುವುದು ಬೇರೆಯವರ ಮುಖವೆಂಬ ಕನ್ನಡಿಯಲ್ಲಿ. ನನಗೆ ಇದು ನೆನಪಾಗುವುದು ನೆಂಟರು ಬಂದಾಗ. ‘ಪುಟ್ಟಿ, ಅತ್ತೆಗೆ ಹೆಸರು ಹೇಳು.’ ಪುಟ್ಟಿ ಕಾಲ್ಬೆರಳಲ್ಲಿ ನೆಲ ಕೆರೆಯುತ್ತಾಳೆ. ಇನ್ನೊಂದು ಕ್ಷಣ ಸುಮ್ನಿದ್ದಿದ್ದರೆ ಹೇಳುತ್ತಿದ್ದಳೇನೋ. ಅಷ್ಟರಲ್ಲಿ ಅಮ್ಮನೇ, ‘ಅಯ್ಯೋ, ಇವಳಿಗೆ ನಾಚಿಕೆ ಜಾಸ್ತಿ ಕಣ್ರೀ, ಯಾರ ಹತ್ರಾನೂ ಬಾಯಿ ಬಿಡಲ್ಲ’ ಅಂದುಬಿಡುತ್ತಾರೆ. ಎಲ್ಲರೂ ನಗುತ್ತಾರೆ. ಪುಟ್ಟಿ ಸೆರಗಿನ ಹಿಂದೆ. ಮುಂದಿನ ಸಲ ನೆಂಟರ ಚಪ್ಪಲಿ ಸದ್ದಾದರೆ ಸಾಕು, ಅವಳು ಒಳಗೆ ಓಡುತ್ತಾಳೆ. ಅಣ್ಣ ಬಿದ್ದು ಅತ್ತರೆ ‘ಗಂಡುಹುಡುಗ ಅಳ್ತಾನೇನೋ?’ ಅವನೂ ಕಣ್ಣೊರೆಸಿಕೊಂಡು ಮುಖ ಗಂಟು ಹಾಕುವುದನ್ನು ಕಲಿಯುತ್ತಾನೆ. ಇಷ್ಟೆಲ್ಲ ಮಾಡಿ, ದೊಡ್ಡವನಾದ ಮೇಲೆ ‘ಮನಸ್ಸಲ್ಲಿರೋದು ಹೇಳೋದೇ ಇಲ್ಲ’ ಅಂತ ದೂರುವವರೂ ನಾವೇ.

ಈ ಕಲಿಕೆ ಚಿಕ್ಕವರಿಗೇ ಮುಗಿಯುವುದಿಲ್ಲ. ಹೊಸ ಸೊಸೆ ಆ ಮನೆಯ ಸಾರಿನ ಹದದ ಜೊತೆ, ಯಾರ ಮುಂದೆ ಯಾವ ಮಾತು ಎತ್ತಬಾರದು ಅಂತಲೂ ತಿಳಿದುಕೊಳ್ಳುತ್ತಾಳೆ. ರಿಟೈರ್ ಆದ ಸಾಹೇಬರು ಕುಕ್ಕರಹಳ್ಳಿ ಕೆರೆ ಏರಿಯ ವಾಕಿಂಗ್ ಗೆಳೆಯರ ನಡುವೆ ಬರೀ ‘ರಾಯರು’ ಆಗಬೇಕು. ಅದಕ್ಕೆ ಕೆಲವರಿಗೆ ವರ್ಷವೇ ಹಿಡಿಯುತ್ತದೆ. ಇನ್ನು ಕೆಲವರು ಬೆಂಚಿನ ಮೇಲೂ ಮೀಟಿಂಗ್ ನಡೆಸುತ್ತಲೇ ಇರುತ್ತಾರೆ.

ನಮಸ್ಕಾರ.