ಅಗಸ್ತ್ಯನಿಗೆ ಎರಡನೆಯ ಸ್ಥಾನ

ಕೇಳುಗರೆಲ್ಲರಿಗೂ ನಮಸ್ಕಾರ. ರಾತ್ರಿಯ ಆಕಾಶದಲ್ಲಿ ಹೆಚ್ಚು ಹೊಳೆಯುವವರು ಯಾರು, ಆ ಪಟ್ಟಿಯಲ್ಲಿ ಅಗಸ್ತ್ಯ ನಕ್ಷತ್ರದ ಸ್ಥಾನವೇನು ಎಂಬುದು ಇಂದಿನ ಮಾತು.

ಲಡಾಖಿನ ಗಡಿಯಲ್ಲಿ ಕಾವಲಿದ್ದ ನಮ್ಮ ಸೈನಿಕರು 2012ರ ಆಗಸ್ಟಿನಿಂದ ಮುಂದಿನ ಫೆಬ್ರವರಿಯವರೆಗೆ ಆಕಾಶದಲ್ಲಿ ಎರಡು ಬೆಳಕುಗಳನ್ನು ಕಂಡು ಕಂಡು ಬರೆದಿಟ್ಟರು. ಗಡಿಯಾಚೆಯಿಂದ ಬಂದ ಬೇಹುಗಾರಿಕೆಯ ಡ್ರೋನ್‌ಗಳು ಎಂಬುದು ಅವರ ಗುಮಾನಿ. ಹೀಗೆ ಮುನ್ನೂರಕ್ಕೂ ಹೆಚ್ಚು ಸಲ ದಾಖಲಾಯಿತು. ಕೊನೆಗೆ ಬೆಂಗಳೂರಿನ ಕೋರಮಂಗಲದಲ್ಲಿರುವ ಭಾರತೀಯ ಖಭೌತ ವಿಜ್ಞಾನ ಸಂಸ್ಥೆಯ ಖಗೋಳಜ್ಞರನ್ನು ಕೇಳಿದರು. ಸಂಜೆ ಕಾಣಿಸುತ್ತಿದ್ದದ್ದು ಗುರು, ಬೆಳಗಿನ ಜಾವ ಕಾಣಿಸುತ್ತಿದ್ದದ್ದು ಶುಕ್ರ ಎಂದು ಅವರು ಪತ್ತೆಹಚ್ಚಿದರು.

ಸೈನಿಕರನ್ನು ಕಂಡು ನಗಬೇಕಾಗಿಲ್ಲ. ಅಷ್ಟು ಎತ್ತರದ ತೆಳುಗಾಳಿಯಲ್ಲಿ ಶುಕ್ರನನ್ನು ನೋಡಿದವರಿಗೆ ಅದನ್ನು ಗ್ರಹವೆಂದು ನಂಬುವುದೇ ಕಷ್ಟ. ನಮ್ಮ ಹಳ್ಳಿಗಳಲ್ಲಿ ಇದಕ್ಕೆ ಬೆಳ್ಳಿ ಎಂದೇ ಹೆಸರು. ಬೆಳ್ಳಿ ಮೂಡಿತು ಎಂದರೆ ಇನ್ನು ಮಲಗುವಂತಿಲ್ಲ ಎಂದರ್ಥ. ಆದರೆ ಬೆಳ್ಳಿ ವರ್ಷವಿಡೀ ಮುಂಜಾನೆಗೆ ನಿಷ್ಠವಾಗಿರುವುದಿಲ್ಲ. ಸುಮಾರು ಎಂಟೂವರೆ ತಿಂಗಳು ಮೂಡಣದಲ್ಲಿದ್ದು, ಸೂರ್ಯನ ಮರೆಗೆ ಸರಿದು, ಆಮೇಲೆ ಪಡುವಣದ ಸಂಜೆಗೆ ಬರುತ್ತದೆ. ಅದರ ಹೊಳಪಿಗೆ ಕಾರಣ ಮೋಡ. ಗಂಧಕಾಮ್ಲದ ದಟ್ಟ ಮೋಡಗಳು ಇಡೀ ಗ್ರಹವನ್ನು ಮುಚ್ಚಿಕೊಂಡು, ಬಿದ್ದ ಬಿಸಿಲಿನಲ್ಲಿ ಮುಕ್ಕಾಲು ಪಾಲನ್ನು ಹಿಂದಕ್ಕೆ ಎರಚುತ್ತವೆ.

ಚಂದ್ರನದು ಇದಕ್ಕೆ ತದ್ವಿರುದ್ಧ. ಕವಿಗಳು ಹಾಲು, ಬೆಣ್ಣೆ ಎಂದೆಲ್ಲ ಹೋಲಿಸಿದರೂ ಅವನ ಮೈ ಹಳೆಯ ಡಾಂಬರು ರಸ್ತೆಯಷ್ಟೇ ಕಪ್ಪು. ನೂರು ಪಾಲು ಬೆಳಕು ಬಿದ್ದರೆ ಹನ್ನೆರಡು ಪಾಲನ್ನಷ್ಟೇ ಹಿಂದಿರುಗಿಸುತ್ತಾನೆ. ರಾತ್ರಿಯ ಆಕಾಶದಲ್ಲಿ ಮೊದಲ ಸ್ಥಾನ ಸಿಕ್ಕಿರುವುದು ಹತ್ತಿರವಿದ್ದುದಕ್ಕೆ ಮಾತ್ರ. ಅರ್ಧಚಂದ್ರನ ಬೆಳಕು ಹುಣ್ಣಿಮೆಯ ಅರ್ಧವೂ ಅಲ್ಲ, ಹತ್ತರಲ್ಲಿ ಒಂದು ಭಾಗ ಎಂದರೆ ನೀವು ನಂಬುತ್ತೀರೋ ಇಲ್ಲವೋ. ಅರ್ಧಚಂದ್ರನ ಮೇಲೆ ಬಿಸಿಲು ಓರೆಯಾಗಿ ಬೀಳುತ್ತದೆ, ಅಲ್ಲಿನ ಗುಡ್ಡ, ಗುಳಿ, ಪುಡಿಮಣ್ಣಿನ ಕಣಗಳೆಲ್ಲ ನೆರಳು ಚೆಲ್ಲುತ್ತವೆ. ಹುಣ್ಣಿಮೆಯಂದು ಆ ನೆರಳುಗಳು ನಮ್ಮ ಕಣ್ಣಿಗೆ ಬೀಳದಂತೆ ವಸ್ತುಗಳ ಹಿಂದೆಯೇ ಅಡಗಿಬಿಡುತ್ತವೆ.

ಇನ್ನು ಬಾಹ್ಯಾಕಾಶ ನಿಲ್ದಾಣ. ಸಂಜೆಯ ಹೊತ್ತು ಮಿನುಗದೆ, ಸದ್ದಿಲ್ಲದೆ, ಒಂದೇ ವೇಗದಲ್ಲಿ ಸಾಗುವ ದೊಡ್ಡ ಬೆಳಕು ಕಂಡರೆ ಬಹುಶಃ ಅದೇ. ನಾಲ್ಕು ನೂರು ಕಿಲೋಮೀಟರ್ ಎತ್ತರದಲ್ಲಿ ಹಾರುತ್ತಾ ಕೆಲವೊಮ್ಮೆ ಶುಕ್ರನಿಗೂ ಸವಾಲು ಹಾಕುತ್ತದೆ. ಆದರೆ ಅದು ನಿಮಿಷಗಳ ಆಟ.

ನನಗೆ ಹೇಳಬೇಕಾಗಿರುವುದು ನಕ್ಷತ್ರಗಳ ವಿಷಯ. ಅತ್ಯಂತ ಪ್ರಕಾಶಮಾನ ನಕ್ಷತ್ರ ಯಾವುದೆಂದು ಕೇಳಿದರೆ ಹಲವರು ಧ್ರುವ ಎನ್ನುತ್ತಾರೆ. ಧ್ರುವನ ಹಿರಿಮೆ ಅಲುಗದೆ ನಿಲ್ಲುವುದರಲ್ಲಿದೆ. ಹೊಳಪಿನಲ್ಲಿ ಅವನಿಗಿಂತ ಮುಂದೆ ನಲವತ್ತಕ್ಕೂ ಹೆಚ್ಚು ನಕ್ಷತ್ರಗಳಿವೆ. ಮೊದಲನೆಯದು ಲುಬ್ಧಕ, ಎರಡನೆಯದು ಅಗಸ್ತ್ಯ. ಲುಬ್ಧಕನ ದೂರ 8.6 ಜ್ಯೋತಿರ್ವರ್ಷ. ಈ ರಾತ್ರಿ ನಿಮ್ಮ ಕಣ್ಣು ಸೇರುವ ಅದರ ಬೆಳಕಿಗೆ ಮೂರನೆಯ ತರಗತಿಯ ಮಗುವಿನ ವಯಸ್ಸು. ಅಗಸ್ತ್ಯನ ದೂರ ಸುಮಾರು 310 ಜ್ಯೋತಿರ್ವರ್ಷ. ಆ ಬೆಳಕು ಹೊರಟದ್ದು ಹೈದರಾಲಿ ಹುಟ್ಟುವ ಆಸುಪಾಸಿನ ಕಾಲದಲ್ಲಿ.

ಈಗ ಇವರಿಬ್ಬರ ಮನೆಯನ್ನು ಅದಲುಬದಲು ಮಾಡಿ ನೋಡೋಣ. ಲುಬ್ಧಕನನ್ನು ಅಗಸ್ತ್ಯನಷ್ಟು ದೂರಕ್ಕೆ ಕಳುಹಿಸಿದರೆ, ಪಟ್ಟಣ ಹಾಗಿರಲಿ, ಹಳ್ಳಿಯ ಕತ್ತಲಲ್ಲಿ ನಿಂತರೂ ಬರಿಗಣ್ಣಿಗೆ ಸಿಗುವುದು ಅನುಮಾನ. ಅಗಸ್ತ್ಯನನ್ನು ಲುಬ್ಧಕನ ಜಾಗಕ್ಕೆ ಕರೆತಂದರೆ ಶುಕ್ರನ ಮೂವತ್ತು ಪಟ್ಟಿಗಿಂತಲೂ ಹೆಚ್ಚು ಹೊಳೆದು, ಅಮಾವಾಸ್ಯೆಯಲ್ಲಿಯೂ ಅಂಗಳದಲ್ಲಿ ನಮ್ಮ ನೆರಳು ಬೀಳುತ್ತದೆ. ಲುಬ್ಧಕನ ಬೆಳಕು ಇಪ್ಪತ್ತೈದು ಸೂರ್ಯರಷ್ಟು, ಅಗಸ್ತ್ಯನದು ಹತ್ತು ಸಾವಿರ ಸೂರ್ಯರನ್ನೂ ಮೀರಿದ್ದು. ಅಂದ ಹಾಗೆ, ನಮ್ಮ ಸೂರ್ಯನನ್ನೇ ಲುಬ್ಧಕನ ಜಾಗದಲ್ಲಿಟ್ಟರೆ ಕಾಣುವುದು ಹೆಚ್ಚುಕಡಿಮೆ ಧ್ರುವನಷ್ಟೇ. ಇಷ್ಟಿದ್ದರೂ ಪಟ್ಟಿಯಲ್ಲಿ ಅಗಸ್ತ್ಯನಿಗೆ ಎರಡನೆಯ ಸ್ಥಾನ.

ವಿಂಧ್ಯನನ್ನು ಬಗ್ಗಿಸಿ ದಕ್ಷಿಣಕ್ಕೆ ಬಂದ ಮುನಿ ಮತ್ತೆ ಉತ್ತರಕ್ಕೆ ಮರಳಲಿಲ್ಲವೆಂಬ ಕಥೆ ನಿಮಗೆ ಗೊತ್ತು. ನಕ್ಷತ್ರವೂ ಹಾಗೆಯೇ ನಡೆದುಕೊಳ್ಳುತ್ತದೆ. ಲಂಡನ್ನಿನವರಿಗೆ, ಪ್ಯಾರಿಸ್ಸಿನವರಿಗೆ ತಮ್ಮ ಊರಿನಿಂದ ಅದು ಎಂದಿಗೂ ಕಾಣದು. ಶ್ರೀನಗರದಲ್ಲಿ ದಿಗಂತದಿಂದ ಮೂರೇ ಡಿಗ್ರಿ ಏರುತ್ತದೆ, ಅಷ್ಟನ್ನು ಬೆಟ್ಟಗಳು ನುಂಗಿಬಿಡುತ್ತವೆ. ದೆಹಲಿಯಲ್ಲಿ ಒಂಬತ್ತರ ಹತ್ತಿರ. ಬೀದರಿಗೆ ಬಂದರೆ ಹತ್ತೊಂಬತ್ತು, ಬೆಂಗಳೂರು ಮಂಗಳೂರುಗಳಲ್ಲಿ ಇಪ್ಪತ್ತನಾಲ್ಕು. ಈ ಒಂದು ವಿಷಯದಲ್ಲಿ ನಾವು ಉತ್ತರದವರ ಮುಂದೆ ಸ್ವಲ್ಪ ಬೀಗಬಹುದು.

ಬಾಹ್ಯಾಕಾಶ ನೌಕೆಗಳಿಗೂ ಅಗಸ್ತ್ಯ ಬೇಕು. ಸೂರ್ಯನ ಹಾದಿಯಿಂದ ಬಹಳ ದೂರದಲ್ಲಿದ್ದು ಚೆನ್ನಾಗಿ ಹೊಳೆಯುವುದರಿಂದ ದಿಕ್ಕು ತಪ್ಪದಿರಲು ಅದು ಒಳ್ಳೆಯ ಗುರುತು. 1964ರಲ್ಲಿ ಮಂಗಳನತ್ತ ಹೊರಟ ಮ್ಯಾರಿನರ್ 4 ಅಗಸ್ತ್ಯನ ಮೇಲೆ ಕಣ್ಣು ನೆಟ್ಟೇ ಸಾಗಿತು. ದಾರಿಯಲ್ಲಿ ನೌಕೆಯಿಂದಲೇ ಉದುರಿದ ಧೂಳಿನ ಕಣಗಳು ಬಿಸಿಲಿಗೆ ಮಿಂಚಿ, ಆ ಯಂತ್ರದ ಕಣ್ಣು ಅವನ್ನೇ ನಕ್ಷತ್ರವೆಂದು ಹಿಂಬಾಲಿಸಲು ಹೊರಟದ್ದೂ ಉಂಟು. ಲಡಾಖಿನ ಸೈನಿಕರಿಗೆ ಜೊತೆ ಸಿಕ್ಕಿತು ನೋಡಿ.

ನೋಡಬೇಕೆನ್ನುವವರಿಗೆ ಫೆಬ್ರವರಿಯ ನಡುವೆ, ರಾತ್ರಿ ಒಂಬತ್ತರ ಹೊತ್ತು ಒಳ್ಳೆಯದು. ಮಹಾವ್ಯಾಧ, ಅಂದರೆ ಓರಿಯನ್ ನಕ್ಷತ್ರಪುಂಜದ ಸೊಂಟಪಟ್ಟಿಯ ಮೂರು ನಕ್ಷತ್ರಗಳನ್ನು ಹಿಡಿದು ಎಡಕ್ಕೆ ಸಾಗಿದರೆ ಲುಬ್ಧಕ. ಅಲ್ಲಿಂದ ದಕ್ಷಿಣ ದಿಗಂತದ ಕಡೆಗೆ ನೇರ ಇಳಿಯಿರಿ. ಕೈ ಚಾಚಿ ಮುಷ್ಟಿ ಕಟ್ಟಿದರೆ ಅದರ ಅಗಲ ಹತ್ತು ಡಿಗ್ರಿ. ದಿಗಂತದಿಂದ ಎರಡೂವರೆ ಮುಷ್ಟಿ ಮೇಲೆ, ಬೀದರ್ ಕಲಬುರಗಿಯ ಕಡೆಯವರಾದರೆ ಎರಡೇ ಮುಷ್ಟಿ ಮೇಲೆ, ಒಂಟಿಯಾಗಿ ಬೆಳಗುತ್ತಿರುವುದು ಅಗಸ್ತ್ಯ. ಕಾಣಿಸದಿದ್ದರೆ ಎದುರುಮನೆಯವರು ಇನ್ನೊಂದು ಮಹಡಿ ಕಟ್ಟಿದ್ದಾರೆಂದು ತಿಳಿದು, ತಾರಸಿಗೆ ಹತ್ತಿ ಇನ್ನೊಮ್ಮೆ ನೋಡಿ. ನಮಸ್ಕಾರ.