ನೀರುಗಂಟಿಯ ಸಂಬಳ ಯಾವ ಖಾತೆಯಿಂದ?

ನಮಸ್ಕಾರ. ಏಪ್ರಿಲ್ ತಿಂಗಳಲ್ಲಿ ಹಳ್ಳಿಯ ಕೊಳವೆಬಾವಿಯ ಮೋಟಾರು ಸುಟ್ಟುಹೋದಾಗ ಏನಾಗುತ್ತದೆ ಎಂಬುದನ್ನು ಕಂಡವರಿಗೆ ಗ್ರಾಮ ಪಂಚಾಯಿತಿಗಳ ಹಣಕಾಸಿನ ಸ್ಥಿತಿಯನ್ನು ಬೇರೆಯಾಗಿ ವಿವರಿಸಬೇಕಾಗಿಲ್ಲ. ಒಂದು ಬೇಸಿಗೆಯಲ್ಲಿ ನಮ್ಮ ಊರಿನಲ್ಲಿ ಅದೇ ಆಯಿತು. ಬೆಳಗಿನ ಜಾವ ನೀರು ಬಿಡಲು ಹೋದ ನೀರುಗಂಟಿ ಸ್ಟಾರ್ಟರ್ ಒತ್ತಿದರೆ ಮೋಟಾರು ಓಡಲಿಲ್ಲ. ಪೈಪುಗಳನ್ನು ಒಂದೊಂದಾಗಿ ಮೇಲೆತ್ತಿ, ಮೋಟಾರನ್ನು ರಿವೈಂಡಿಂಗ್ ಅಂಗಡಿಗೆ ಸಾಗಿಸುವಷ್ಟರಲ್ಲಿ ಮಧ್ಯಾಹ್ನ ದಾಟಿತ್ತು. ಹಿಂದಿನ ಎರಡು ರಿಪೇರಿಗಳ ಬಾಕಿ ಚುಕ್ತಾ ಆಗುವವರೆಗೆ ಇದಕ್ಕೆ ಕೈ ಹಚ್ಚುವುದಿಲ್ಲ ಎಂದು ಅಂಗಡಿಯವರು ಹೇಳಿದರು. ಕೊನೆಗೆ ವಾರ್ಡಿನ ಸದಸ್ಯೆಯೊಬ್ಬರು ಸ್ವಂತ ಹಣ ಕೊಟ್ಟರು. ನಾಲ್ಕು ತಿಂಗಳಿಂದ ಸಂಬಳ ಕಾಣದ ಆ ನೀರುಗಂಟಿ ರಾತ್ರಿ ಹತ್ತರವರೆಗೆ ಅಲ್ಲೇ ನಿಂತು ಪೈಪು ಇಳಿಸಿದರು.

ಇದನ್ನು ಯಾರೋ ಅಧ್ಯಕ್ಷರ ಅಥವಾ ಪಿಡಿಒ (ಪಂಚಾಯಿತಿ ಅಭಿವೃದ್ಧಿ ಅಧಿಕಾರಿ) ಅವರ ಬೇಜವಾಬ್ದಾರಿ ಎಂದು ತಳ್ಳಿಹಾಕುವುದು ಸುಲಭ. ನಾನು ಹಾಗೆ ನೋಡುವುದಿಲ್ಲ. ಕೆಲಸವನ್ನು ಪಂಚಾಯಿತಿಯ ಹೆಗಲಿಗೆ ಹಾಕಿದ ನಾವು, ಅದನ್ನು ದಿನವೂ ನಡೆಸುವ ಖರ್ಚಿಗೆ ದಾರಿ ಮಾಡಿಕೊಡಲಿಲ್ಲ.

ಕೇಂದ್ರದ ಹದಿನೈದನೇ ಹಣಕಾಸು ಆಯೋಗವು 2021ರಿಂದ 2026ರವರೆಗಿನ ಅವಧಿಗೆ ಶಿಫಾರಸು ಮಾಡಿದ ಅನುದಾನವನ್ನೇ ತೆಗೆದುಕೊಳ್ಳಿ. ಅದರಲ್ಲಿ ಶೇ. 60ರಷ್ಟು ಕುಡಿಯುವ ನೀರು ಮತ್ತು ನೈರ್ಮಲ್ಯಕ್ಕೆಂದೇ ಮೀಸಲಾಗಿದ್ದ ನಿರ್ಬಂಧಿತ ಹಣ. ಉಳಿದ ಶೇ. 40ನ್ನು ಊರಿನ ಅಗತ್ಯಕ್ಕೆ ತಕ್ಕಂತೆ ಬಳಸಬಹುದಾಗಿದ್ದರೂ ಸಂಬಳ ಮತ್ತು ಆಡಳಿತ ವೆಚ್ಚಕ್ಕೆ ಮುಟ್ಟುವಂತಿರಲಿಲ್ಲ. ಅಂದರೆ ಹೊಸ ಚರಂಡಿ ಕಟ್ಟಿಸಲು ಹಣವಿರುತ್ತಿತ್ತು, ಇರುವ ಚರಂಡಿಯನ್ನು ವಾರಕ್ಕೊಮ್ಮೆ ಬಳಿಯುವ ಪೌರಕಾರ್ಮಿಕರಿಗೆ ಕೊಡಲು ಇರುತ್ತಿರಲಿಲ್ಲ. 2019ರಲ್ಲಿ ಆರಂಭವಾದ ಜಲಜೀವನ್ ಮಿಷನ್ ಬಹಳಷ್ಟು ಮನೆಗಳಿಗೆ ನಲ್ಲಿ ಹಾಕಿಸಿತು, ಅದು ನಿಜವಾಗಿಯೂ ದೊಡ್ಡ ಕೆಲಸ. ಆದರೆ ಗುತ್ತಿಗೆದಾರರು ಕೆಲಸ ಮುಗಿಸಿ ಹಸ್ತಾಂತರಿಸಿದ ದಿನದಿಂದ ಪಂಪಿನ ಕರೆಂಟು ಬಿಲ್ಲು, ಒಡೆದ ಪೈಪು, ಕೆಟ್ಟ ವಾಲ್ವು ಎಲ್ಲವೂ ಪಂಚಾಯಿತಿಯ ಲೆಕ್ಕಕ್ಕೆ ಬರುತ್ತವೆ.

ಬೀದಿದೀಪಗಳದ್ದು ಇನ್ನೊಂದು ಕಥೆ. ಎಷ್ಟೋ ಹಳ್ಳಿಗಳಲ್ಲಿ ದೀಪಗಳಿಗೆ ಪ್ರತ್ಯೇಕ ತಂತಿಯಾಗಲಿ ಸ್ವಿಚ್ಚಾಗಲಿ ಇಲ್ಲದೆ ಅವು ಮಟಮಟ ಮಧ್ಯಾಹ್ನದಲ್ಲೂ ಉರಿಯುತ್ತಿರುತ್ತವೆ. ವಿದ್ಯುತ್ ಕಂಪನಿಯ ಬಾಕಿ ಬಡ್ಡಿಯೊಂದಿಗೆ ಬೆಳೆಯುತ್ತಲೇ ಇರುತ್ತದೆ.

ಹಾಗಾದರೆ ಪಂಚಾಯಿತಿ ಸ್ವಂತ ತೆರಿಗೆ ವಸೂಲಿ ಮಾಡಿಕೊಳ್ಳಲಿ ಎನ್ನುವವರಿದ್ದಾರೆ. ಆ ಮಾತಿನಲ್ಲಿ ಅರ್ಧ ಸತ್ಯವಿದೆ. ಕಂದಾಯ ಕೇಳಿದರೆ ವೋಟು ಹೋಗುತ್ತದೆಂಬ ಭಯದಿಂದ ಸದಸ್ಯರು ಸುಮ್ಮನಿರುವುದೂ, ಎರಡಂತಸ್ತಿನ ಮನೆ ಕಟ್ಟಿದವರು ಹಳೆಯ ಹೆಂಚಿನ ಮನೆಯ ಕಂದಾಯವನ್ನೇ ಕಟ್ಟುತ್ತಾ ಬರುವುದೂ ನಮ್ಮೆಲ್ಲರಿಗೂ ಗೊತ್ತಿರುವ ಸಂಗತಿ, ಮತ್ತು ಅದು ತಪ್ಪು. ಆದರೆ 1993ರ ಕರ್ನಾಟಕ ಪಂಚಾಯತ್ ರಾಜ್ ಕಾಯ್ದೆಯಡಿ ಪಂಚಾಯಿತಿ ತೆರಿಗೆ ಹಾಕಬಹುದಾದದ್ದು ಮುಖ್ಯವಾಗಿ ಕಟ್ಟಡಗಳಿಗೆ ಮತ್ತು ಕೃಷಿ ಕಂದಾಯಕ್ಕೆ ಒಳಪಡದ ಜಮೀನಿಗೆ. ಬೆಂಗಳೂರಿನ ಅಂಚಿನಲ್ಲಿರುವ, ಅಪಾರ್ಟ್‌ಮೆಂಟು ಕಾರ್ಖಾನೆಗಳಿರುವ ಪಂಚಾಯಿತಿಗೆ ಇದು ದೊಡ್ಡ ಆದಾಯ. ರಾಗಿಯನ್ನೋ ತೊಗರಿಯನ್ನೋ ಬೆಳೆದು ಬದುಕುವ ನಾಲ್ಕು ಹಳ್ಳಿಗಳ ಪಂಚಾಯಿತಿಯಲ್ಲಿ ಮನೆಗಂದಾಯವೆಲ್ಲ ಪೂರಾ ವಸೂಲಾದರೂ ಪಂಪುಗಳ ಬಿಲ್ಲಿಗೆ ಸಾಲುವುದು ಕಷ್ಟ. ಬಂದ ತೆರಿಗೆಯ ಜೊತೆಗೆ ಸಂಗ್ರಹವಾಗುವ ಗ್ರಂಥಾಲಯ ಕರ, ಭಿಕ್ಷುಕರ ಕರಗಳಂಥವು ಪಂಚಾಯಿತಿಯ ಸ್ವಂತ ಖರ್ಚಿಗೆ ಒದಗುವ ಹಣವೂ ಅಲ್ಲ.

ಇದನ್ನು ಮೇಲಿನವರ ಮುಂದಿಡಬೇಕಾದ ಜಿಲ್ಲಾ, ತಾಲ್ಲೂಕು ಪಂಚಾಯಿತಿಗಳ ಅವಧಿ 2021ರಲ್ಲಿ ಮುಗಿದು, ವರ್ಷಗಟ್ಟಲೆ ಚುನಾವಣೆಯೇ ನಡೆಯಲಿಲ್ಲ. ಚುನಾಯಿತ ಮಂಡಳಿಯಿಲ್ಲದ ಸಂಸ್ಥೆಗೆ ಹಣಕಾಸು ಆಯೋಗದ ಅನುದಾನವೂ ಬರುವುದಿಲ್ಲ. 1983ರ ಪಂಚಾಯಿತಿ ಕಾಯ್ದೆಯ ಮೂಲಕ ಆಗಿನ ಗ್ರಾಮೀಣಾಭಿವೃದ್ಧಿ ಸಚಿವ ಅಬ್ದುಲ್ ನಜೀರ್ ಸಾಬ್ ಅವರು ಅಧಿಕಾರವನ್ನು ಹಳ್ಳಿಗೆ ತಂದ ರಾಜ್ಯದಲ್ಲಿ, ಊರೂರಿಗೆ ಕೊಳವೆಬಾವಿ ಕೊರೆಸಿ ನೀರ್ ಸಾಬ್ ಎಂದೇ ಹೆಸರಾದವರ ನಾಡಿನಲ್ಲಿ ಹೀಗಾಗಿರುವುದು ನನಗೆ ತೀರಾ ನೋವಿನ ವಿಷಯ.

ನೀರುಗಂಟಿ ಮತ್ತು ಪೌರಕಾರ್ಮಿಕರ ಸಂಬಳವನ್ನು ರಾಜ್ಯ ಸರ್ಕಾರ ಪ್ರತಿ ತಿಂಗಳೂ ತಪ್ಪದೆ ಭರಿಸಬೇಕು. ಬೀದಿದೀಪಗಳಿಗೆ ಮೀಟರು, ಸ್ವಿಚ್ಚು ಹಾಕಿಸುವ ಖರ್ಚನ್ನು ವಿದ್ಯುತ್ ಕಂಪನಿಗಳೂ ಹಂಚಿಕೊಳ್ಳಬೇಕು. ಮನೆಗಳ ಅಳತೆ ಹೊಸದಾಗಿ ಆಗಬೇಕು, ಅದರಂತೆ ನಾವು ಕಂದಾಯ ಕಟ್ಟಬೇಕು. ಮುಂದಿನ ಗ್ರಾಮಸಭೆಗೆ ಹೋದಾಗ ಹೊಸ ಕಾಮಗಾರಿಗಳ ಪಟ್ಟಿಗಿಂತ ಮೊದಲು ಕರೆಂಟು ಬಾಕಿ ಎಷ್ಟು, ಸಂಬಳ ಬಾಕಿ ಎಷ್ಟು ತಿಂಗಳದ್ದು ಎಂದು ಕೇಳಿ, ಉತ್ತರವನ್ನು ನಡಾವಳಿ ಪುಸ್ತಕದಲ್ಲಿ ಬರೆಸಿ.