ಕುದುರೆ ಓಡುವುದು ಎರಡು ನಿಮಿಷ, ಊರು ದುಡಿಯುವುದು ಎರಡು ವಾರ

ನಮಸ್ಕಾರ, ಮಡಿಕೇರಿಯಿಂದ ಮಾತಾಡುತ್ತಿದ್ದೇನೆ. ಕೊಡಗಿಗೊಂದು ಕುದುರೆ ಹಬ್ಬ ಬೇಕು ಅಂತ ಹೋದ ವಿಡಿಯೋದಲ್ಲಿ ಹೇಳಿದ್ದೆ. ಕೆಳಗೆ ಒಬ್ಬರು ಬರೆದಿದ್ದಾರೆ: "ಕುದುರೆ ದುಡ್ಡಿದ್ದವರ ಶೋಕಿ. ನಮ್ಮ ಹೊಟ್ಟೆ ತುಂಬುತ್ತಾ?" ತುಂಬುತ್ತೆ ಸ್ವಾಮಿ, ಖಂಡಿತ ತುಂಬುತ್ತೆ!

ಅಮೆರಿಕದ ಲೂಯಿವಿಲ್‌ನಲ್ಲಿ 1875ರಿಂದ ಕೆಂಟಕಿ ಡರ್ಬಿ ಅನ್ನೋ ಕುದುರೆ ಓಟ ನಡೆಯುತ್ತಿದೆ. ಓಟ ಎರಡು ನಿಮಿಷದಲ್ಲಿ ಮುಗಿಯುತ್ತದೆ. ಆದರೆ ಅದಕ್ಕೂ ಎರಡು ವಾರ ಮುಂಚಿನಿಂದಲೇ ಊರಲ್ಲಿ ಪಟಾಕಿ, ಮೆರವಣಿಗೆ, ಬಲೂನು, ಹಬ್ಬವೋ ಹಬ್ಬ. ಕುದುರೆ ಓಡುವುದು ಎರಡು ನಿಮಿಷ, ಊರು ದುಡಿಯುವುದು ಎರಡು ವಾರ. ಇಂಗ್ಲೆಂಡಿನ ಚೆಲ್ಟನಮ್ ಕುದುರೆ ಓಟದ ಹಬ್ಬ ನಾಲ್ಕೇ ದಿನದ್ದು. 2022ರಲ್ಲಿ ಅದರಿಂದ ಸುತ್ತಲಿನ ಪ್ರದೇಶಕ್ಕೆ ಸುಮಾರು 27.4 ಕೋಟಿ ಪೌಂಡ್ ಬಂತು ಅಂತ ಗ್ಲಾಸ್ಟರ್‌ಶೈರ್ ವಿಶ್ವವಿದ್ಯಾಲಯ ಲೆಕ್ಕ ಹಾಕಿತು. ರೂಮು, ಊಟ, ಟ್ಯಾಕ್ಸಿ, ಎಲ್ಲ ಸೇರಿ.

ಪರದೇಶದ ಮಾತು ಬೇಡವಾ? ಮಹಾರಾಷ್ಟ್ರದ ಸಾರಂಗಖೇಡಾಗೆ ಬನ್ನಿ. ತಾಪಿ ನದಿಯ ದಡದ ಊರು. ದತ್ತ ಜಯಂತಿಗೆ ಅಲ್ಲಿ ದೊಡ್ಡ ಕುದುರೆ ಜಾತ್ರೆ. ಇದೂ ಶೋಕಿನಾ?

ಒಂದು ಕುದುರೆ ಬಂದರೆ ಏನೇನು ಬರುತ್ತದೆ ನೋಡಿ. ದಿನಕ್ಕೆ ಎಂಟು ಹತ್ತು ಕಿಲೋ ಮೇವು ಬೇಕು. ಲಾಳ ಹೊಡೆಯುವವರು ಬೇಕು. ಲಾರಿ, ಡ್ರೈವರ್, ನೋಡಿಕೊಳ್ಳುವ ಹುಡುಗ, ಸವಾರ, ಸವಾರನ ಮನೆಯವರು. ನಾನು ಕೇಳುತ್ತಿರುವುದು ದೂರದ ಸವಾರಿ, ಅಂದರೆ ಎಂಡ್ಯೂರೆನ್ಸ್. 40, 80 ಕಿಲೋಮೀಟರಿನ ದಾರಿ. ನಡುನಡುವೆ ಪಶುವೈದ್ಯರು ಕುದುರೆಯ ಎದೆಬಡಿತ ನೋಡುತ್ತಾರೆ. ಸರಿಯಿಲ್ಲದಿದ್ದರೆ ಆ ಕುದುರೆ ಅಲ್ಲಿಗೇ ನಿಲ್ಲಬೇಕು. ಇದಕ್ಕೆ ಸ್ಟೇಡಿಯಂ ಬೇಡ, ತೋಟದ ರಸ್ತೆ ಸಾಕು. ಅದು ನಮ್ಮಲ್ಲಿ ಬೇಕಾದಷ್ಟಿದೆ ಅಲ್ವಾ?

ಇನ್ನೂ ಅನುಮಾನ ಇದ್ದವರು ನಮ್ಮ ಹಾಕಿ ನಮ್ಮೆ, ಅಂದರೆ ಕೊಡವ ಕುಟುಂಬಗಳ ಹಾಕಿ ಹಬ್ಬ ನೋಡಿ. 1997ರಲ್ಲಿ ಕರಡದಲ್ಲಿ ಪಾಂಡಂಡ ಕುಟುಂಬ ಶುರು ಮಾಡಿತು. 2024ರಲ್ಲಿ ನಾಪೋಕ್ಲುವಿನಲ್ಲಿ 360 ತಂಡ ಆಡಿ ಗಿನ್ನೆಸ್ ದಾಖಲೆ ಆಯಿತು. ಪಂದ್ಯ ಮೈದಾನದೊಳಗೆ, ದುಡಿಮೆ ಮೈದಾನದ ಹೊರಗೆ! ಹಾಕಿಗೆ ಆಗುವುದು ಕುದುರೆಗೆ ಯಾಕಾಗಲ್ಲ?

"ಮಳೆ ಬಂದರೆ?" ಮಳೆಗಾಲದಲ್ಲಿ ಮಾಡಿ ಅಂದವರು ಯಾರು? ಮಾರ್ಚ್‌ನಲ್ಲಿ ಮಾಡಿ. ಕಾಫಿ ಕೊಯ್ಲು ಮುಗಿಯುತ್ತಾ ಬಂದಿರುತ್ತದೆ. ಮಕ್ಕಳ ಪರೀಕ್ಷೆ ಅಂತ ಪ್ರವಾಸಿಗರು ಬರಲ್ಲ, ಹೋಂಸ್ಟೇಗಳು ಖಾಲಿ ಹೊಡೆಯುತ್ತಿರುತ್ತವೆ. ಸವಾರರಿಗೆ ಎಸ್ಸೆಸ್ಸೆಲ್ಸಿ ಪರೀಕ್ಷೆ ಇರಲ್ಲ! "ಜೂಜು ಬರುತ್ತೆ." ನಾನು ಕೇಳಿದ್ದು ಸವಾರಿ, ರೇಸ್ ಕೋರ್ಸ್ ಅಲ್ಲ. "ಕುದುರೆ ಎಲ್ಲಿಂದ ತರ್ತೀರಾ?" ಮೈಸೂರಿನಿಂದ! ಪೊಲೀಸರ ಅಶ್ವಾರೋಹಿ ದಳ ಇರುವ ಊರು 120 ಕಿಲೋಮೀಟರ್ ದೂರದಲ್ಲಿದೆ. ಸುಮ್ನೆ ಏನಾದರೂ ಹೇಳಬೇಕು ಅಂತ ಹೇಳಬೇಡಿ.

ಅಂದ ಹಾಗೆ, ಚಾನೆಲ್‌ಗೆ ಸಬ್‌ಸ್ಕ್ರೈಬ್ ಆಗಿಲ್ಲದವರು ಈಗಲೇ ಆಗಿ, ಗಂಟೆ ಒತ್ತಿ. ಹೋಂಸ್ಟೇ ನಡೆಸುವ ಅಕ್ಕಂದಿರು ಈ ವಿಡಿಯೋ ಜಾಸ್ತಿ ಹಂಚಬೇಕು. ಖಾಲಿ ರೂಮಿನ ಕಷ್ಟ ನಿಮಗೆ ಗೊತ್ತು.

ಆ ಕಾಮೆಂಟ್ ಹಾಕಿದ ಅಣ್ಣನಿಗೆ ಮತ್ತೊಮ್ಮೆ ಹೇಳುತ್ತೇನೆ: ಎರಡು ನಿಮಿಷ, ಎರಡು ವಾರ! ಕುದುರೆ ದುಡ್ಡಿದ್ದವರದ್ದೇ ಇರಲಿ. ಅವರು ಬಂದು ಖರ್ಚು ಮಾಡುವುದು ನಮ್ಮ ಊರಲ್ಲಿ. ಬೇಡ ಅನ್ನೋದಕ್ಕೆ ನಾವ್ಯಾರು? ನನಗಂತೂ ಬೇಕು, ಬೇಕೇ ಬೇಕು. ಸೋಮವಾರಪೇಟೆ ಕಡೆಯೋ ಪೊನ್ನಂಪೇಟೆ ಕಡೆಯೋ, ಎಲ್ಲಿ ಮಾಡೋಣ ಅಂತ ಕೆಳಗೆ ಬರೆಯಿರಿ. ಭಾನುವಾರ ಲೈವ್‌ನಲ್ಲಿ ಒಂದೊಂದನ್ನೂ ಓದುತ್ತೇನೆ.